ಬೆಸುಗೆಯ ತೂಕ

ಜನವರಿ 6

ಪೂಜ್ಯ ಮಾವನವರಿಗೆ,

ನಮಸ್ಕಾರ. ನೀವು ಕಳಿಸಿದ ಆರು ಮೋಟಾರು ಉಂಗುರಗಳ ಡಬ್ಬಿ ನಿನ್ನೆ ತಲುಪಿತು. ಅತ್ತೆಯವರು ಅದರಲ್ಲಿ ತುರುಕಿದ್ದ ಹತ್ತಿಯನ್ನೆಲ್ಲ ಎಳೆದು ಹಾಕುವಷ್ಟರಲ್ಲಿ ನನ್ನ ಮೇಜು ದಿಂಬು ಹೊಲಿಯುವವನ ಅಂಗಡಿಯಂತಾಗಿತ್ತು. ಆರೂ ಚೆನ್ನಾಗಿ ತಿರುಗುತ್ತಿವೆ. ಅದರಲ್ಲಿ ಆಶ್ಚರ್ಯವೇನಿಲ್ಲ. ವಿನ್ಯಾಸ ಸರಿಯಾಗಿದ್ದರೆ ತಿರುಗಲೇಬೇಕು.

ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಭಾನುವಾರದ ಫೋನಿನಲ್ಲಿ ಹೇಳುವಂತಿಲ್ಲ. ನಾವಿಬ್ಬರೂ ನಗುನಗುತ್ತಾ ಮಾತಾಡುತ್ತಿದ್ದೇವೋ ಇಲ್ಲವೋ ಎಂದು ನಿಮ್ಮ ಮಗಳು ಪಕ್ಕದಲ್ಲೇ ನಿಂತು ಕಾವಲು ಕಾಯುತ್ತಾಳೆ. ಹಾಗಾಗಿ ಎಂದಿನಂತೆ ನಮ್ಮ ನಿಜವಾದ ಮಾತುಕತೆ ಕಾಗದದಲ್ಲೇ.

ನಮ್ಮ ಪ್ರಯೋಗಾಲಯಕ್ಕೆ ಹೊಸ ಸೂಕ್ಷ್ಮದರ್ಶಕ ಬಂದಿದೆ. ಕುತೂಹಲಕ್ಕೆ ನಿಮ್ಮ ಉಂಗುರವೊಂದನ್ನು ಅದರಡಿ ಇಟ್ಟೆ. ಒಳಗೋಡೆಯಲ್ಲಿ, ಎರಡು ಹಲ್ಲುಗಳ ಬುಡದಲ್ಲಿ, ಅರದ ಗೀರು! ಮೇಲೆ ಹೊಳಪು ಕೊಟ್ಟಿದ್ದೀರಿ, ಆದರೂ ಕಾಣುತ್ತದೆ. ಉಳಿದ ಐದನ್ನೂ ನೋಡಿದೆ. ಎಲ್ಲದರಲ್ಲೂ ಗೀರು. ಮಾವ, ಇದು ಪಟ್ಟಿ ಕಿತ್ತುಹೋದ ಕೈಗಡಿಯಾರವಲ್ಲ, ಉಗುರಿನಿಂದ ಮೀಟಿ ಅರದಿಂದ ತಿಕ್ಕಿ ಗಿರಾಕಿಗೆ ಕೊಟ್ಟು ಕಳಿಸುವುದಕ್ಕೆ.

ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ. ಉಂಗುರದ ಕೆಳಗೆ ಅಂಟಿಸಿರುವ ಸೆರಾಮಿಕ್ ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಅದು ಹಿಗ್ಗಿ ಕುಗ್ಗುತ್ತದೆ, ಸೆಕೆಂಡಿಗೆ ಲಕ್ಷ ಸಲ. ಅದರಿಂದ ಉಂಗುರದಲ್ಲಿ ಎರಡು ಕಂಪನಗಳು ಏಳುತ್ತವೆ. ಎರಡರ ವೇಗವೂ ಒಂದೇ ಇದ್ದರೆ ಅವು ಸೇರಿ ಒಂದು ಅಲೆಯಾಗಿ ಸುತ್ತ ಓಡುತ್ತವೆ, ಹಲ್ಲುಗಳು ಮೇಲಿನ ಚಕ್ರವನ್ನು ತಳ್ಳುತ್ತವೆ. ಕಾಂತ ಬೇಡ, ತಂತಿಸುರುಳಿ ಬೇಡ. ಎರಡರ ವೇಗ ಒಂದು ಕೂದಲಷ್ಟು ಬೇರೆಯಾದರೂ ಅಲೆ ಓಡುವುದಿಲ್ಲ, ಚಕ್ರ ನಿಂತಲ್ಲೇ ನಡುಗುತ್ತದೆ. ಮೆಣಸಿನ ಕಾಳಿನಷ್ಟು ಉಂಗುರದಲ್ಲಿ ಆ ಎರಡು ವೇಗಗಳನ್ನು ಲೆಕ್ಕದಿಂದಲೇ ಒಂದು ಮಾಡಿದ್ದು ನನ್ನ ಮೂರು ವರ್ಷದ ಕೆಲಸ. ನನ್ನ ವರದಿಯ ಮೊದಲ ಸಾಲೇ ಅದು: ಕೈಯಿಂದ ಎಳ್ಳಷ್ಟೂ ತಿದ್ದದೆ, ಚಿತ್ರದಿಂದ ನೇರವಾಗಿ ತಿರುಗುವ ಮೋಟಾರು. ಅದರಲ್ಲಿ ನಿಮ್ಮ ಅರಕ್ಕೆ ಏನು ಕೆಲಸ?

ಮಾರ್ಚ್ 18ಕ್ಕೆ ಸಭೆ ಇದೆ. ನಿಮ್ಮ ಮಗಳ ಆಸ್ಪತ್ರೆಯ ಡಾಕ್ಟರುಗಳೂ ಬರುತ್ತಾರೆ, ಅವಳೂ ಕೂತಿರುತ್ತಾಳೆ. ಎಳೆ ಮಕ್ಕಳ ಗಂಟಲೊಳಗೆ ಇಳಿಸುವ ಕೊಳವೆಯ ತುದಿಯಲ್ಲಿ ಮಸೂರ ತಿರುಗಿಸುವುದು ಈ ಮೋಟಾರೇ. ಅಂದು ಒಪ್ಪಿಗೆ ಸಿಕ್ಕರೆ ಕಾರ್ಖಾನೆಯಲ್ಲಿ ಇನ್ನೂರು ಮಾಡಿಸುತ್ತಾರೆ, ವಿಭಾಗದ ಮುಖ್ಯಸ್ಥನ ಕುರ್ಚಿ ನನಗೆ ಬರುತ್ತದೆ. ಆದ್ದರಿಂದ ಇನ್ನೂ ಆರು ಬೇಕು. ಚಿತ್ರದಲ್ಲಿ ಇದ್ದಂತೆ ಮಾಡಿ. ತಲೆ ಉಪಯೋಗಿಸಬೇಡಿ.

ನಿಮ್ಮ ಅಳಿಯ


ಜನವರಿ 17

ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದಗಳು.

ಪಾಠ ಓದಿದೆ. ಇದರೊಂದಿಗೆ ಅದನ್ನು ನನಗೆ ಏಳನೇ ಸಲ ಹೇಳಿಕೊಟ್ಟ ಹಾಗಾಯಿತು. ನಿಮ್ಮ ಅತ್ತೆ ಅಡುಗೆಮನೆಯಿಂದಲೇ ಕೂಗಿ ಕೇಳಿದಳು, "ಏನಂತೆ, ಮತ್ತೆ ಹಿಗ್ಗುತ್ತಂತಾ, ಕುಗ್ಗುತ್ತಂತಾ?" ಅವಳಿಗೂ ಬಾಯಿಪಾಠವಾಗಿದೆ.

ಗೀರು ನೋಡುವುದಕ್ಕೆ ಅಷ್ಟು ದೊಡ್ಡ ಯಂತ್ರ ತರಿಸಿದಿರಾ? ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಇದೆ ಅಂತ. ಕೈ ಜಾರಿತು ಅಂದುಕೊಳ್ಳಿ. ವಯಸ್ಸಾದವನು, ಗಡಿಯಾರ ರಿಪೇರಿಯವನು, ಜಾರಬಾರದು ಅಂತ ಏನಿದೆ?

ತಲೆ ಉಪಯೋಗಿಸಬೇಡಿ ಅಂದಿರಿ. ಬಹಳ ಸಂತೋಷ. ನಲವತ್ತು ವರ್ಷದಿಂದ ಅದಕ್ಕೆ ಬಿಡುವು ಕೊಟ್ಟಿರಲಿಲ್ಲ. ಕೆಳಗಿನ ಹೊಲಿಗೆ ಅಂಗಡಿ ತೆಗೆಯುವ ಮೊದಲೇ ಎದ್ದು ಕೂತೆ, ಅವರ ಮಷೀನು ಶುರುವಾದರೆ ನನ್ನ ಮೇಜು ಅಲುಗುತ್ತದೆ. ನಿಮ್ಮ ಚಿತ್ರವನ್ನು ಎದುರಿನ ಗೋಡೆಗೆ ಅಂಟಿಸಿ ಅದರಲ್ಲಿ ಇದ್ದದ್ದನ್ನು ಇದ್ದಂತೆ ಕೆತ್ತಿದೆ. ಬಿಲ್ಲೆ ಅಂಟಿಸಿದೆ, ತೋರಿಸಿದ ಜಾಗದಲ್ಲಿ ಮೂರು ತಂತಿ ಬೆಸೆದೆ. ಅರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ನಿಮ್ಮ ಅತ್ತೆಯ ಕೈಗೆ ಕೊಟ್ಟೆ. ಬೇಕಾದರೆ ಅವಳನ್ನೇ ಕೇಳಿ. ಆರು ಉಂಗುರ ಇದರ ಜೊತೆಗಿದೆ. ಒಂದು ಗೀರು ತೋರಿಸಿದರೆ ನನ್ನ ಮೀಸೆ ಬೋಳಿಸುತ್ತೇನೆ.

ಕುರ್ಚಿ ವಿಷಯ ಕೇಳಿ ಹಿಗ್ಗಿದೆ. ಕುಗ್ಗಲಿಲ್ಲ.

ನಿಮ್ಮ ಮಾವ


ಜನವರಿ 29

ಮಾವನವರಿಗೆ,

ಆರರಲ್ಲಿ ಒಂದೂ ತಿರುಗುತ್ತಿಲ್ಲ.

ಒಂದು ಕಿರುಚುತ್ತದೆ. ಒಂದು ಹಿಂದಕ್ಕೆ ಅರ್ಧ ಸುತ್ತು ಹೋಗಿ ಸತ್ತಂತೆ ನಿಲ್ಲುತ್ತದೆ. ಉಳಿದವು ಚಳಿ ಹಿಡಿದವರ ಹಾಗೆ ನಡುಗುತ್ತವೆ. ಇದನ್ನು ನೋಡಿ ನನ್ನ ಪಕ್ಕದ ಮೇಜಿನ ಕೆಮ್ಮಿನವ (ಸುಳ್ಳು ಹೇಳುವ ಮೊದಲು ಕೆಮ್ಮುವುದು ಅವನ ರೂಢಿ, ಹಾಗಾಗಿ ಆ ಹೆಸರು) "ಪರವಾಗಿಲ್ಲ ಬಿಡಿ, ನಿಮ್ಮ ವಿನ್ಯಾಸಕ್ಕೇನೂ ಆಗಿಲ್ಲ" ಎಂದ. ಎರಡು ಸಲ ಕೆಮ್ಮಿ ಹೇಳಿದ.

ಏನು ಮಾಡಿದ್ದೀರಿ ಹೇಳಿಬಿಡಿ. ಹಳೆಯ ಅಂಟು ಹಾಕಿದಿರಾ? ಬೆಸೆಯುವಾಗ ಕಾವು ಹೆಚ್ಚಿಸಿ ಬಿಲ್ಲೆಯ ಜೀವ ತೆಗೆದಿರಾ? ಅಥವಾ ಬೇಕೆಂದೇ ಕೆಡಿಸಿದಿರಾ? ಎರಡು ವರ್ಷದಿಂದ ನೀವು ಕಳಿಸಿದ್ದೆಲ್ಲ ತಿರುಗಿತ್ತು. ಒಂದು ಬುದ್ಧಿಮಾತು ಹೇಳಿದ್ದಕ್ಕೆ ಇಷ್ಟು ಸಣ್ಣತನವೇ? ಕುಶಲಕರ್ಮಿಯ ಅಭಿಮಾನ ಎಂದು ನಿಮ್ಮ ಮಗಳು ಹೇಳುತ್ತಿರುತ್ತಾಳೆ. ನನಗೆ ಕಾಣುವುದು ಮಕ್ಕಳ ಹಠ ಮಾತ್ರ.

ಸಭೆಗೆ ಏಳು ವಾರವೂ ಇಲ್ಲ. ಇದರ ವಾಸನೆ ಅವಳಿಗೆ ಬಡಿಯದಂತೆ ನೋಡಿಕೊಳ್ಳಿ.

ಅಳಿಯ


ಫೆಬ್ರವರಿ 8

ಅಳಿಯಂದಿರಿಗೆ,

ಬೇಕೆಂದೇ ಕೆಡಿಸುವುದಕ್ಕೆ ತಲೆ ಬೇಕು. ಅದನ್ನು ಉಪಯೋಗಿಸಬೇಡಿ ಅಂದವರು ನೀವು.

ಆರನ್ನೂ ಕಳಿಸುವ ಮೊದಲು ಅಳೆದಿದ್ದೇನೆ, ಅಳತೆಯ ಚೀಟಿ ಇಟ್ಟಿದ್ದೇನೆ. ಕೂದಲನ್ನು ನಲವತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು ವ್ಯತ್ಯಾಸವೂ ಇಲ್ಲ. ನಿಮ್ಮ ಆ ದೊಡ್ಡ ಯಂತ್ರದಡಿ ಇಟ್ಟು ತಾಳೆ ನೋಡಿಕೊಳ್ಳಿ. ನಿಮ್ಮ ಚಿತ್ರದಲ್ಲಿ ಏನಿತ್ತೋ ಅದೇ ನಿಮ್ಮ ಮೇಜಿನ ಮೇಲೆ ನಡುಗುತ್ತಾ ಕೂತಿದೆ. ಎರಡು ವರ್ಷ ತಿರುಗಿದ್ದು ಚಿತ್ರವಲ್ಲ ಸ್ವಾಮಿ.

ಒಂದು ಕೆಲಸ ಮಾಡಿ. ಮುಖಕ್ಕೆ ಹಚ್ಚುವ ಪೌಡರು ಮನೆಯಲ್ಲಿದೆಯಲ್ಲ, ಒಂದು ಚಿಟಿಕೆ ತನ್ನಿ. ಚಕ್ರ ತೆಗೆದು ಉಂಗುರದ ಮೇಲೆ ಉದುರಿಸಿ, ವಿದ್ಯುತ್ ಕೊಡಿ. ಕಂಪನ ಇಲ್ಲದ ಕಡೆ ಪೌಡರು ಗುಡ್ಡೆಯಾಗುತ್ತದೆ. ಮೊದಲು ಒಂದು ಕಂಪನಕ್ಕೆ ನೋಡಿ, ಆಮೇಲೆ ಇನ್ನೊಂದಕ್ಕೆ. ಎರಡೂ ಒಂದೇ ವೇಗದಲ್ಲಿ ಏಳುತ್ತವೋ ಇಲ್ಲವೋ ಒಬ್ಬ ಗಡಿಯಾರ ರಿಪೇರಿಯವನ ಕಣ್ಣಿಗೇ ಕಾಣುತ್ತದೆ. ಏಳದಿದ್ದರೆ ಅರ ಮುಟ್ಟಿಸಬೇಕು. ಎಲ್ಲಿ, ಎಷ್ಟು ಅಂತ ಕೇಳಬೇಡಿ. ಒಂದೊಂದು ಉಂಗುರಕ್ಕೂ ಒಂದೊಂದು ಗುಣ. ಅದು ಕೈಗೆ ಗೊತ್ತಾಗುವ ವಿಷಯ, ಓದಿದವರಿಗಲ್ಲ.

ಹೋದ ತಿಂಗಳು ಮಗಳು ನಿಮ್ಮ ವರದಿಯ ಮೊದಲ ಸಾಲನ್ನು ಫೋನಿನಲ್ಲಿ ಹೆಮ್ಮೆಯಿಂದ ಓದಿ ಹೇಳಿದಳು. ಕೈಯಿಂದ ಎಳ್ಳಷ್ಟೂ ತಿದ್ದದೆ, ಅಲ್ಲವೇ? ನಾನು ಬಹಳ ಚೆನ್ನಾಗಿದೆ ಅಂದೆ. ಫೋನು ಇಟ್ಟ ಮೇಲೆ ಎಷ್ಟು ನಕ್ಕೆನೆಂದರೆ ನಿಮ್ಮ ಅತ್ತೆ ನೀರು ತಂದು ಕೊಟ್ಟಳು.

ಮಾವ


ಫೆಬ್ರವರಿ 12

ಮಾವನವರಿಗೆ,

ಪೌಡರು ಹಾಕಿ ನೋಡಿದೆ. ನೀವು ಹೇಳಿದಂತೆಯೇ ಇದೆ.

ಆಯಿತು, ಅಂತಿಮ ಹಂತದಲ್ಲಿ ಒಂದು ಸಣ್ಣ ಸವರುವಿಕೆ ಬೇಕಾಗಬಹುದು. ಅದನ್ನು ವಿನ್ಯಾಸದ ದೋಷ ಎಂದು ಕರೆಯಲಾಗದು. ನೀವು ಅದನ್ನು ದೊಡ್ಡ ವಿದ್ಯೆ ಎಂಬಂತೆ ಬಚ್ಚಿಟ್ಟುಕೊಂಡಿರುವುದು ಮಾತ್ರ ನಗೆಪಾಟಲು. ಆ ಕೆಲಸದ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿ. ಕಾರ್ಖಾನೆಯವರಿಗೆ ಕೊಡುತ್ತೇನೆ. ಅಕ್ಷರ ಸ್ವಲ್ಪ ಓದುವಂತಿರಲಿ.

ಕ್ರಮ ಬರುವವರೆಗೆ ಇದು ನಮ್ಮಿಬ್ಬರಲ್ಲೇ ಇರಲಿ. ಅವಳಿಗೆ ಆಸ್ಪತ್ರೆಯ ಕೆಲಸವೇ ತಲೆಯ ಮೇಲಿದೆ.

ಅಳಿಯ


ಫೆಬ್ರವರಿ 24

ಅಳಿಯಂದಿರಿಗೆ,

ಕೇಳಿದ ಕ್ರಮ ಹೀಗಿದೆ. ಮೊದಲು ಕೈ ತೊಳೆಯಿರಿ. ಆಮೇಲೆ ನಲವತ್ತು ವರ್ಷ ಗಡಿಯಾರ ಬಿಚ್ಚಿ. ಆಮೇಲೆ ಉಂಗುರ ಎತ್ತಿಕೊಳ್ಳಿ. ಅಕ್ಷರ ಓದುವಂತಿದೆಯೇ?

ಬರೆದು ಕೊಡುವಂಥದ್ದಲ್ಲ ಇದು, ಹೇಳಿದೆನಲ್ಲ. ಕಾರ್ಖಾನೆಯವರಿಗೆ ಏನು ಹೇಳುತ್ತೀರೋ ನೀವುಂಟು ಅವರುಂಟು. ನನ್ನನ್ನು ಕೇಳಿದರೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇ ಬೇಡ. ಗೀರಿರುವ ಹಳೆಯ ಆರು ಚೆನ್ನಾಗಿ ತಿರುಗುತ್ತಿವೆಯಲ್ಲ, ಸಭೆಯಲ್ಲಿ ಅವನ್ನೇ ತೋರಿಸಿ. ಯಾರು ಹಲ್ಲಿನ ಬುಡ ನೋಡುತ್ತಾರೆ? ಚಪ್ಪಾಳೆ ತಟ್ಟುತ್ತಾರೆ, ಕುರ್ಚಿ ಬರುತ್ತದೆ. ಆಮೇಲಿನದು ಆಮೇಲೆ.

ಕೂರುವಾಗ ಹಿಂದೆ ಕುರ್ಚಿ ಇದೆಯೋ ಇಲ್ಲವೋ ಒಮ್ಮೆ ನೋಡಿಕೊಂಡು ಕೂರಿ.

ಮಾವ


ಮಾರ್ಚ್ 20

ಮಾವನವರಿಗೆ,

ಸಭೆ ಮುಗಿಯಿತು. ನಿಮಗೆ ಬೇಕಾದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ: ಕುರ್ಚಿ ಕೆಮ್ಮಿನವನಿಗೆ ಹೋಯಿತು. ಅಭಿನಂದನೆ ಹೇಳಲು ಹೋದಾಗ ಬಹಳ ಸಂತೋಷ ಎಂದ, ಕೆಮ್ಮಲಿಲ್ಲ.

ನಿಮ್ಮ ಕಾಗದ ಓದಿದ ಮೇಲೆ ಸಿಟ್ಟಿನಲ್ಲಿ ಹಳೆಯ ಆರು ಉಂಗುರಗಳನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟೆ. ಒಂದೊಂದಕ್ಕೂ ಒಂದೊಂದು ಗುಣ ಅಂದಿರಲ್ಲ, ಆ ಗುಣ ಯಾವುದು ನೋಡೇಬಿಡೋಣ ಎಂದು. ಗೀರುಗಳ ಉದ್ದ, ಆಳ, ಜಾಗ ಎಲ್ಲ ಅಳೆದೆ. ಆರೂ ಒಂದೇ ಜಾಗ, ಅದೇ ಎರಡು ಹಲ್ಲುಗಳ ಬುಡ. ಆಳವೂ ಒಂದೇ. ನಿಮ್ಮ ಕೈಗೆ ಗೊತ್ತಾಗುವ ಮಹಾ ರಹಸ್ಯ ಆರು ಸಲವೂ ಅಚ್ಚು ಹಾಕಿದಂತೆ ಒಂದೇ ಆಗಿತ್ತು.

ಆ ಜಾಗದ ನೇರ ಕೆಳಗೆ ಏನಿದೆ ಎಂದು ನೋಡಿದೆ. ತಂತಿಗಳ ಬೆಸುಗೆ. ಮೂರು ಹನಿ ಸೋಲ್ಡರ್. ಇಷ್ಟು ಚಿಕ್ಕ ಉಂಗುರಕ್ಕೆ ಆ ಮೂರು ಹನಿ ಭಾರವೇ. ಅದು ಒಂದು ಕಡೆ ಕೂತರೆ ಒಂದು ಕಂಪನ ನಿಧಾನವಾಗುತ್ತದೆ, ಇನ್ನೊಂದು ಆಗುವುದಿಲ್ಲ. ನನ್ನ ಲೆಕ್ಕದ ಹಾಳೆಗಳನ್ನು ತಿರುವಿದೆ. ಲೋಹದ ತೂಕ ಇದೆ, ಬಿಲ್ಲೆಯ ತೂಕ ಇದೆ, ಅಂಟಿನ ತೂಕ ಕೂಡ ಇದೆ. ಬೆಸುಗೆಗೆ ತೂಕವೇ ಇಲ್ಲ. ಮೂರು ವರ್ಷ ಅದು ನನ್ನ ಚಿತ್ರದಲ್ಲಿ ಮೂರು ಚುಕ್ಕೆಯಾಗಿ ಮಾತ್ರ ಇತ್ತು, ಚುಕ್ಕೆಗೆ ಎಂಥ ತೂಕ ಎಂದು ನಾನು ಯೋಚಿಸಲೇ ಇಲ್ಲ. ಇಂಥ ತಪ್ಪನ್ನು ಮೊದಲ ವರ್ಷದ ವಿದ್ಯಾರ್ಥಿ ಮಾಡಿದ್ದರೆ ಬಾಗಿಲಾಚೆ ನಿಲ್ಲಿಸುತ್ತಿದ್ದೆ.

ಹಳೆಯ ಆರನ್ನೇ ತೋರಿಸಿ ಸುಮ್ಮನಿರುವ ಯೋಚನೆ ನನಗೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಸಭೆಯ ದಿನ ಅವನ್ನೇ ಜೇಬಿನಲ್ಲಿಟ್ಟುಕೊಂಡು ಹೋದೆ. ಆದರೆ ಕಾರ್ಖಾನೆಯ ಇನ್ನೂರು ಉಂಗುರಗಳಿಗೆ ಗೀರು ಇರುವುದಿಲ್ಲ, ಮೇಜಿನಾಚೆ ನಿಮ್ಮ ಮಗಳು ಆ ಕೊಳವೆಯನ್ನು ಯಾವ ವಯಸ್ಸಿನ ಮಕ್ಕಳಿಗೆ ಇಳಿಸಬಹುದು ಎಂದು ಬೇರೆ ಡಾಕ್ಟರಿಗೆ ವಿವರಿಸುತ್ತಿದ್ದಳು. ಎದ್ದು ನಿಂತು ಹೇಳಿಬಿಟ್ಟೆ. ವರದಿಯ ಮೊದಲ ಸಾಲು ಸುಳ್ಳು, ವಿನ್ಯಾಸದಲ್ಲಿ ತಪ್ಪಿದೆ, ಇಲ್ಲಿಯವರೆಗೆ ತಿರುಗಿದ್ದೆಲ್ಲ ನನ್ನ ಮಾವನವರ ಅರದಿಂದ. ಅವರು ತಮಗೇ ಗೊತ್ತಿಲ್ಲದೆ, ಕೈಯ ರೂಢಿಯಿಂದ, ನನ್ನ ತಪ್ಪನ್ನು ತಿದ್ದುತ್ತಿದ್ದರು ಎಂದೂ ಹೇಳಿದೆ.

ಇನ್ನೂರರ ಕೆಲಸ ಮುಂದೆ ಹೋಗಿದೆ, ರದ್ದಾಗಿಲ್ಲ. ಹೊಸ ಚಿತ್ರ ಇಟ್ಟಿದ್ದೇನೆ. ಬೆಸುಗೆ ಎಷ್ಟು ತೂಗುತ್ತದೋ ಅಷ್ಟು ಲೋಹವನ್ನು ಮೊದಲೇ ಆ ಎರಡು ಹಲ್ಲುಗಳ ಬುಡದಲ್ಲಿ ಕಡಿಮೆ ಮಾಡಿದ್ದೇನೆ. ಹನ್ನೆರಡು ಬೇಕು. ಮಾಡಿಕೊಡುವ ಮನಸ್ಸಿದ್ದರೆ ಮಾಡಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ.

ಅಳಿಯ


ಮಾರ್ಚ್ 27

ಅಳಿಯಂದಿರಿಗೆ,

ಗೊತ್ತಿಲ್ಲದೆಯೇ? ಕೈಯ ರೂಢಿಯೇ?

ಯಾರು ನಿಮಗೆ ಹೇಳಿದ್ದು? ಹತ್ತು ಜನ ದೊಡ್ಡ ಮನುಷ್ಯರ ಮುಂದೆ, ನನ್ನ ಮಗಳ ಮುಂದೆ, ನನ್ನನ್ನು ಗಾಣದ ಎತ್ತು ಮಾಡಿ ಕೂರಿಸಿದಿರಲ್ಲ! ಸುತ್ತುತ್ತಾನೆ, ಯಾಕೆ ಸುತ್ತುತ್ತಾನೆ ಅಂತ ಅವನಿಗೇ ತಿಳಿಯದು, ಅಲ್ಲವೇ? ನಿಮ್ಮ ತಪ್ಪು ಒಪ್ಪಿಕೊಳ್ಳುವಾಗಲೂ ನನ್ನನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸದಿದ್ದರೆ ನಿಮಗೆ ಊಟ ಸೇರುವುದಿಲ್ಲ.

ಕೇಳಿ ಹಾಗಾದರೆ. ಎರಡು ವರ್ಷದ ಹಿಂದೆ ನಿಮ್ಮ ಮೊದಲ ಚಿತ್ರ ಬಂದ ವಾರವೇ ನನಗೆ ಗೊತ್ತಾಯಿತು. ಮೊದಲ ಉಂಗುರ ತಿರುಗಲಿಲ್ಲ. ಬೆಸುಗೆ ಬಿಡಿಸಿ ತಂತಿಯನ್ನು ಬರೀ ತಾಗಿಸಿ ನೋಡಿದೆ, ಎರಡೂ ಕಂಪನ ಒಂದಾಯಿತು. ಮತ್ತೆ ಬೆಸೆದೆ, ಬೇರೆಯಾಯಿತು. ಈ ಮಹಾನುಭಾವರು ಬೆಸುಗೆಯನ್ನೇ ತೂಗಿಲ್ಲ ಅಂತ ಅರ್ಧ ಗಂಟೆಯಲ್ಲಿ ತಿಳಿಯಿತು. ನಿಮಗೆ ಮೂರು ವರ್ಷ ಬೇಕಾಯಿತು. ಒಂದೊಂದಕ್ಕೂ ಒಂದೊಂದು ಗುಣ ಅಂದದ್ದು ನಿಮ್ಮನ್ನು ಅಲೆಸುವುದಕ್ಕೆ. ಅರ ಎಷ್ಟು ಸಲ ಎಳೆಯಬೇಕು ಅಂತ ನನ್ನ ಮೇಜಿನ ಅಂಚಿನಲ್ಲೇ ಬರೆದಿಟ್ಟಿದ್ದೇನೆ. ಹದಿನಾಲ್ಕು ಸಲ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಆ ಮೊದಲ ಚಿತ್ರದ ಜೊತೆ ಒಂದು ಚೀಟಿ ಇಟ್ಟಿದ್ದಿರಿ, ನಿಮಗೆ ನೆನಪಿರಲಾರದು. "ಚಿತ್ರ ಅರ್ಥವಾಗದಿದ್ದರೆ ಮಗಳಿಂದ ಓದಿಸಿಕೊಳ್ಳಿ" ಅಂತ. ಅವತ್ತೇ ಅಂದುಕೊಂಡೆ, ಏರಲಿ, ಎಷ್ಟು ಎತ್ತರ ಏರುತ್ತಾರೋ ಏರಲಿ, ಬೀಳುವುದನ್ನು ಕೂತು ನೋಡುತ್ತೇನೆ. ನಿಮ್ಮ ಪ್ರತಿಯೊಂದು ಕಾಗದಕ್ಕೂ ಒಳಗೊಳಗೇ ನಗುತ್ತಿದ್ದೆ. ಮೂರ್ಖ ನಾನಲ್ಲ. ಇದನ್ನು ನಿಮ್ಮ ಸಭೆಯವರಿಗೆ ತಿಳಿಸಿ.

ಮಾವ


ಏಪ್ರಿಲ್ 2

ಮಾವನವರಿಗೆ,

ನಿಮಗೆ ಗೊತ್ತಿತ್ತು ಎಂದು ನನಗೆ ಗೊತ್ತಿತ್ತು. ಕೈಯ ರೂಢಿಯಿಂದ ಗೀರುವವನು ಆಮೇಲೆ ಕೂತು ಅದನ್ನು ಹೊಳಪು ಕೊಟ್ಟು ಮುಚ್ಚುವುದಿಲ್ಲ.

ಸಭೆಯಲ್ಲಿ ಹಾಗೆ ಹೇಳಿದ್ದು ನಿಮ್ಮನ್ನು ಕೆಳಗಿಳಿಸುವುದಕ್ಕಲ್ಲ, ನಿಮ್ಮ ಮೇಲಿನ ಪ್ರೀತಿಗಂತೂ ಖಂಡಿತ ಅಲ್ಲ. ಎದುರಿಗೆ ಅವಳಿದ್ದಳು. ನಾನು ತಪ್ಪಿದೆ ಎಂದು ಅವಳಿಗೆ ಹೇಳಬಲ್ಲೆ, ಹೇಳಿದೆ, ಮನೆಗೆ ಬಂದ ಮೇಲೆ ನಾಲ್ಕು ದಿನ ಮಾತು ಬಿಟ್ಟಳು, ಸಹಿಸಿದೆ. ತಿರುಗದ ಮೋಟಾರು ತನ್ನ ಕೈಗೆ ಬರುತ್ತದೆಂದು ಗೊತ್ತಿದ್ದೂ ಅಪ್ಪ ಸುಮ್ಮನಿದ್ದ, ಹಳೆಯ ಆರನ್ನೇ ತೋರಿಸಿ ಅಂತ ಕಾಗದವನ್ನೂ ಬರೆದ ಎಂದು ಹೇಳುವ ಧೈರ್ಯ ನನಗಿಲ್ಲ. ಆ ಚೀಟಿ ಬರೆದದ್ದು ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕೇಳುವುದಿಲ್ಲ.

ಮೂರ್ಖನಲ್ಲ ಎಂದು ತಿಳಿಸಲೇಬೇಕಿದ್ದರೆ ಅವಳಿಗೆ ನೀವೇ ತಿಳಿಸಿ.

ಅಳಿಯ


ಏಪ್ರಿಲ್ 19

ಅಳಿಯಂದಿರಿಗೆ,

ಹನ್ನೆರಡು ಉಂಗುರ ಇಟ್ಟಿದ್ದೇನೆ. ಹೊಸ ಚಿತ್ರ ಹೇಗಿದೆಯೋ ಹಾಗೆ. ಹನ್ನೆರಡೂ ಮೊದಲ ಸಲಕ್ಕೇ ತಿರುಗಿದವು, ಅರ ಮುಟ್ಟಲಿಲ್ಲ. ಮುಟ್ಟುವ ಕೆಲಸವನ್ನೇ ನೀವು ಉಳಿಸಿಲ್ಲ. ಹನ್ನೆರಡನೆಯದು ತಿರುಗುವಾಗ ನನಗೆ ಸಂತೋಷವಾಯಿತು ಅಂತ ಬರೆದರೆ ಸುಳ್ಳು. ಹೊಟ್ಟೆ ಉರಿಯಿತು. ಚಿತ್ರ ಚೆನ್ನಾಗಿದೆ.

ಈ ಹದಿನೈದು ದಿನ ತಡವಾದದ್ದು ಕೆಲಸದಿಂದಲ್ಲ. ನಿಮ್ಮ ಕಾಗದ ಬಂದ ದಿನ ನಿಮ್ಮ ಅತ್ತೆಗೆ ಓದಿ ಹೇಳಿದೆ, ನೋಡು ಇವರ ಸೊಕ್ಕು ಅಂತ. ಅವಳು ಪೂರ್ತಿ ಕೇಳಿ, "ಅವರು ಬರೆದಿರೋದ್ರಲ್ಲಿ ಸುಳ್ಳು ಯಾವುದು, ಅದನ್ನ ಹೇಳಿ" ಅಂದಳು. ಹುಡುಕಿದೆ. ಸಿಗಲಿಲ್ಲ.

ಮೊನ್ನೆ ಮಗಳು ಬಂದಿದ್ದಳು. ಸಂಜೆ ಕೆಳಗಿನ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಮೇಜಿನ ಹತ್ತಿರ ಕೂರಿಸಿ ಎಲ್ಲ ಹೇಳಿದೆ. ಮೊದಲ ವಾರವೇ ಗೊತ್ತಾದದ್ದು, ಬೇಕೆಂದೇ ಮುಚ್ಚಿಟ್ಟದ್ದು, ನಗುತ್ತಿದ್ದದ್ದು, ಹಳೆಯದನ್ನೇ ತೋರಿಸಿ ಅಂತ ಬರೆದದ್ದು. ನಿಮ್ಮ ಮೇಲಿನ ಸಿಟ್ಟಿನಲ್ಲಿ ಮಾಡಿದೆ ಅಂದೆ. ಸ್ವಲ್ಪ ಅಳುತ್ತಾಳೆ, ಕೂಗಾಡುತ್ತಾಳೆ, ಆಮೇಲೆ ಅಪ್ಪ ಅಲ್ಲವೇ ಅಂತ ಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲೂ ಇಲ್ಲ, ಕೂಗಲೂ ಇಲ್ಲ. ತಿರುಗುತ್ತಿದ್ದ ಉಂಗುರವೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಒಂದೇ ಒಂದು ಮಾತು ಕೇಳಿದಳು.

"ಅಪ್ಪಾ, ಒಂದು ಮಗುವಿನ ಗಂಟಲಲ್ಲಿ ಇದು ನಿಂತುಹೋಗಿ, ಕೊಳವೆ ನನ್ನ ಕೈಯಲ್ಲಿದ್ದಿದ್ರೆ, ಅವತ್ತು ನೀನು ಯಾರನ್ನ ನೋಡಿ ನಗ್ತಿದ್ದೆ?"

ಉಂಗುರವನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು.

ಮಾವ